ಚೆಲ್ಲಿದವನಿಗೆ ಅದೇ ಟೇಬಲ್

ಚೆನ್ನೈನ ಟ್ರಿಪ್ಲಿಕೇನಿನಲ್ಲಿ ಉಡುಪಿ ಕಡೆಯವರು ನಡೆಸುವ ಒಂದು ಹೋಟೆಲಿನ ಕೆಲಸಗಾರರಿಗೆ, ಸೋತಾಗ ಎದ್ದು ನಿಲ್ಲುವುದು ಹೇಗೆಂದು ಪಾಠ ಹೇಳಲು ಹೋಗಿದ್ದೆ. ಅದು ನನ್ನ ಉದ್ಯೋಗ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಒಂದು ಗಂಟೆ ಕೊಟ್ಟಿದ್ದರು.

ಮಾತು ಮುಗಿದಾಗ ಸಪ್ಲೈಯರ್ ಸುಧಾಕರ ಎದ್ದು ನಿಂತ. ಹಿಂದಿನ ದಿನ ಗಿರಾಕಿಯೊಬ್ಬರ ಬಿಳಿ ಪಂಚೆಯ ಮೇಲೆ ಸಾಂಬಾರು ಚೆಲ್ಲಿ, ತುಂಬಿದ ಹೋಟೆಲಿನಲ್ಲಿ ಬೈಸಿಕೊಂಡಿದ್ದನಂತೆ. "ನಾನು ಊರಿಗೆ ಹೋಗ್ತೇನೆ ಸರ್. ಹನ್ನೆರಡು ವರ್ಷದಲ್ಲಿ ಹೀಗಾದದ್ದಿಲ್ಲ. ಇನ್ನು ಸಾಂಬಾರಿನ ಬಕೆಟ್ ಮುಟ್ಟುದಿಲ್ಲ," ಎಂದ. ನಾನು ನನ್ನ ಪಾಠದ ಹಾಳೆಗಳನ್ನು ತಿರುವಿದೆ.

ದೋಸೆ ಹಾಕುವ ಭಟ್ಟರು ಕಾವಲಿ ಒರೆಸುತ್ತಲೇ ಹೇಳಿದರು: "ಹೋಗು ಮಾರಾಯ, ಯಾರು ಬೇಡ ಹೇಳಿದ್ದು? ಆದ್ರೆ ಚೆಲ್ಲಿದವನಿಗೇ ಮರುದಿನ ಅದೇ ಟೇಬಲ್. ಇಲ್ಲಿನ ಕ್ರಮ ಅದು. ಮುಗಿಸಿ ಹೋಗು. ನಾನು ಮದುಮಗನ ಮೇಲೇ ಪಾಯಸ ಚೆಲ್ಲಿದವ."

ಎಂಟು ಗಂಟೆಗೆ ಅದೇ ಗಿರಾಕಿ ಬಂದು ಅದೇ ಜಾಗದಲ್ಲಿ ಕೂತರು. ಉಳಿದ ಸಪ್ಲೈಯರುಗಳು ಒಬ್ಬರೂ ಆ ಕಡೆ ಸುಳಿಯಲಿಲ್ಲ. ಸುಧಾಕರನೇ ಸಾಂಬಾರಿನ ಬಕೆಟ್ ಹಿಡಿದು ಹೋದ. ಗಿರಾಕಿ ತಲೆಯೆತ್ತಿ, "ಇವತ್ತಾದರೂ ಇಡ್ಲಿ ಮೇಲೆ ಹಾಕಪ್ಪಾ," ಎಂದರು ತಮಿಳಿನಲ್ಲಿ. ಅವನು ಹಾಕಿದ. ಒಂದು ತೊಟ್ಟೂ ಆಚೀಚೆ ಹೋಗಲಿಲ್ಲ. ಅವರು ಇನ್ನೊಮ್ಮೆ ಕೇಳಿ ಹಾಕಿಸಿಕೊಂಡರು. ಅಡುಗೆಮನೆಯಲ್ಲಿ ಯಾರೋ ಪಾತ್ರೆ ಬಡಿದು ಕೇಕೆ ಹಾಕಿದರು. ಮಧ್ಯಾಹ್ನ ನಾನು ಹೊರಡುವಾಗ ಸುಧಾಕರ ಒಬ್ಬನೇ ನಾಲ್ಕು ಟೇಬಲ್ ನೋಡಿಕೊಳ್ಳುತ್ತಿದ್ದ. ಊರಿನ ಮಾತೇ ಎತ್ತಲಿಲ್ಲ.

ನಮ್ಮ ಕಂಪನಿಯ ವರದಿಯಲ್ಲಿ 'ತರಬೇತಿ ಪಡೆದವರ ಸಂಖ್ಯೆ' ಎಂಬ ಜಾಗವಿರುತ್ತದೆ. ಅಲ್ಲಿ ಒಂದು ಎಂದು ಬರೆದು, ನನ್ನ ಹೆಸರು ಹಾಕಿದೆ.