ಮೂರನೇ ಗೇರಿನಲ್ಲಿ ಸಾಗರಕ್ಕೆ

ಸಾಗರದ ಗ್ಯಾರೇಜಿನ ತಗಡಿನ ಮಾಡಿನಡಿ ನಾವು ನಾಲ್ವರಿದ್ದೆವು: ಕಾರಿನ ಯಜಮಾನರು, ಅವರ ತಾಯಿ, ಗ್ಯಾರೇಜಿನ ಮೇಸ್ತ್ರಿ, ಡ್ರೈವರ್ ಆದ ನಾನು. ಅಮ್ಮನಿಗೊಂದು ಸ್ಟೂಲು ಹಾಕಿಕೊಟ್ಟಿದ್ದರು. ಅವರನ್ನು ಇಕ್ಕೇರಿ ದೇವಸ್ಥಾನಕ್ಕೆ ಕರೆದೊಯ್ಯಲೆಂದು ಬೆಳಿಗ್ಗೆ ತೀರ್ಥಹಳ್ಳಿ ಬಿಟ್ಟವರು ನಾವು. ಹೊಸನಗರ ದಾಟಿದ ಮೇಲೆ ಒಂದು ಏರಿನಲ್ಲಿ ಎರಡನೇ ಗೇರು ಬೀಳಲಿಲ್ಲ. ಒಂದನೆಯದೂ ಇಲ್ಲ. ಮೂರು, ನಾಲ್ಕು ಮಾತ್ರ ಬೀಳುತ್ತಿದ್ದವು. ಏರು ಬಂದಲ್ಲೆಲ್ಲ ಯಜಮಾನರು ಪಂಚೆ ಎತ್ತಿಕಟ್ಟಿ ಕಾರು ತಳ್ಳಿದ್ದರು. ಆ ಕಾಲದ ಕಾರುಗಳಲ್ಲಿ ಗೇರಿನ ಹಿಡಿ ಸ್ಟೀರಿಂಗ್ ಚಕ್ರದ ಕೆಳಗೇ ಇರುತ್ತಿತ್ತು.

“ಇವ್ನು ಕಾರ್ಗಲ್ಲಲ್ಲಿ ಡ್ಯಾಮಿನ ಲಾರಿ ಓಡಿಸ್ದೋನು ಮೇಸ್ತ್ರಿ. ಎತ್ತಿನ ಮೂಗುದಾರ ಎಳ್ದಂಗೆ ಗೇರು ಎಳೀತಾನೆ,” ಎಂದರು ಯಜಮಾನರು. ಆಮೇಲೆ ನನ್ನತ್ತ ತಿರುಗಿದರು. “ಒಳಗೆ ಒಂದು ಹಲ್ಲು ಮುರಿದಿದ್ರೂ ಕೀ ಇಲ್ಲೇ ಕೊಟ್ಟು ನಡಿ ಮಾರಾಯ.”

ಲಾರಿ ಬಿಟ್ಟು ಈ ಕೆಲಸಕ್ಕೆ ಸೇರಿ ಇನ್ನೂ ಮೂರು ತಿಂಗಳಾಗಿತ್ತಷ್ಟೆ. ಮನೆಯಾಕೆಯನ್ನು ತೀರ್ಥಹಳ್ಳಿಗೆ ಕರೆತಂದು ವಾರವೂ ಕಳೆದಿರಲಿಲ್ಲ.

“ಗೇರು ಪೆಟ್ಟಿಗೆ ಇಳಿಸಿ ಬಿಚ್ಚಿ ನೋಡು,” ಎಂದು ಯಜಮಾನರು ಅವಸರಿಸಿದರು.

“ಪೆಟ್ಟಿಗೆ ಇಳ್ಸೋದು ಕಡೇಗೆ ಅಯ್ಯಾ. ಹೊಟ್ಟೆನೋವು ಅಂದ ಕೂಡ್ಲೇ ಹೊಟ್ಟೆ ಕೊಯ್ತಾರಾ?” ಎಂದ ಮೇಸ್ತ್ರಿ, ಇಂಜಿನ್ ಆರಿಸಲು ಹೇಳಿದ. “ಈಗ ಹಾಕು. ಇಂಜಿನ್ ನಿಂತಾಗ ಬಿದ್ರೆ ತಪ್ಪು ಕ್ಲಚ್ಚಿಂದು.”

ಹಾಕಿದೆ. ಬೀಳಲಿಲ್ಲ. ಕ್ಲಚ್ಚು ಪಾರಾಯಿತು. ಇನ್ನು ಅನುಮಾನ ಪೆಟ್ಟಿಗೆಯೊಳಗಿನ ಹಲ್ಲಿನ ಮೇಲೆ. ಯಜಮಾನರು ಕೈ ಚಾಚಿದರು, ಕೀ ಕೇಳುವವರ ಹಾಗೆ.

ಮೇಸ್ತ್ರಿ ಅವರತ್ತ ನೋಡಲೇ ಇಲ್ಲ. ಬಾನೆಟ್ ಎತ್ತಿ, ಸ್ಟೀರಿಂಗಿನಿಂದ ಗೇರು ಪೆಟ್ಟಿಗೆಗೆ ಹೋಗುವ ಸರಳನ್ನು ಪೆಟ್ಟಿಗೆಯ ಕಡೆ ಕಳಚಿದ. ಆಮೇಲೆ ಕಾರಿನಡಿ ನುಸುಳಿ, ಪೆಟ್ಟಿಗೆಯ ಬದಿಯ ಹಿಡಿಯನ್ನು ಕೈಯಲ್ಲೇ ತಳ್ಳಿದ. ಟಕ್. ಮತ್ತೊಮ್ಮೆ ಟಕ್.

“ಒಂದೂ ಬಿತ್ತು, ಎರಡೂ ಬಿತ್ತು. ಬೆಣ್ಣೆ ಹಂಗಿದೆ. ಹಲ್ಲು ಸರಿ ಇದ್ದಾವೆ ಅಯ್ಯಾ, ಕಾಯಿಲೆ ಮೇಲಿದೆ.”

ಮತ್ತೆ ಎದ್ದು ಬಾನೆಟ್ಟಿನೊಳಗೆ ಬಗ್ಗಿದ. ಸ್ಟೀರಿಂಗ್ ಕೊಳವೆಯ ಬುಡದಲ್ಲಿ ಬೆರಳಾಡಿಸಿದ. ಆಮೇಲೆ ಚಾಕು ಕೇಳಿದ. ಎಳೆದು ತೆಗೆದದ್ದು ಒಣಗಿ ಹುರಿಗಟ್ಟಿದ ಬಾಳೆನಾರು. ಅದರಲ್ಲಿ ಬಾಡಿದ ಸೇವಂತಿಗೆಯ ಎರಡು ತೊಟ್ಟು ಅಂಟಿಕೊಂಡಿದ್ದವು. ಒಂದು, ಎರಡಕ್ಕೆ ಹೋಗಲು ಹಿಡಿಯನ್ನು ನಮ್ಮ ಕಡೆ ಎಳೆಯಬೇಕಲ್ಲ, ಆ ಕೀಲಿಗೇ ಅದು ಸುತ್ತಿಕೊಂಡಿತ್ತು.

ಆಯುಧಪೂಜೆಯಲ್ಲಿ ಕಟ್ಟಿದ ಮಾಲೆ ಅದು. ನಾಲ್ಕು ದಿನದ ಹಿಂದೆ ರೇಡಿಯೇಟರಿಗೆ ನೀರು ಹಾಕುವಾಗ ನಾನೇ ಕಂಡಿದ್ದೆ. ಪೂಜೆಯ ಹೂವು ತಾನಾಗಿ ಉದುರಬೇಕು, ನಾವು ಹರಿಯಬಾರದು ಎಂದು ಹಿರಿಯರು ಹೇಳಿದ್ದರಿಂದ ಮುಟ್ಟದೆ ಬಿಟ್ಟಿದ್ದೆ. ಹೂವೇನೋ ಉದುರಿತ್ತು, ನಾರು ಉಳಿದಿತ್ತು.

“ಕಂಡಿದ್ದೆ ಅಯ್ಯಾ. ತೆಗೀಲಿಲ್ಲ,” ಎಂದೆ.

ಯಜಮಾನರು ಬಾಯಿ ತೆರೆಯುವುದರೊಳಗೆ ಸ್ಟೂಲಿನ ಕಡೆಯಿಂದ ದನಿ ಬಂತು. “ಅವ್ನಿಗೆ ಎಂತಕ್ಕೆ ಬೈತೀಯಾ? ಕಟ್ಟಿದ್ದು ನಾನು. ಹೋದ ವರ್ಷ ಮುಂದೆ ಕಟ್ಟಿದ್ದನ್ನ ಕರು ತಿಂದಿತ್ತು. ಅದ್ಕೇ ಈ ಸಲ ಒಳಗೆ ಕಟ್ಟಿದೆ.”

ಮೇಸ್ತ್ರಿ ಮುಖ ತಿರುಗಿಸಿಕೊಂಡ. ಕಳಚಿದ್ದ ಸರಳನ್ನು ಮತ್ತೆ ಸಿಕ್ಕಿಸುವಾಗ ಹೆಗಲು ನಗುವಿಗೆ ಕುಣಿಯುತ್ತಿತ್ತು. ಯಜಮಾನರು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಪಂಚೆಗೆ ಒರೆಸಿಕೊಂಡರು. “ಹೊತ್ತಾಯ್ತು. ಗಾಡಿ ತೆಗಿ,” ಎಂದರು. ಅಮ್ಮ ನಾರನ್ನು ಸೆರಗಿನ ತುದಿಗೆ ಕಟ್ಟಿಕೊಂಡರು, ಹೊಳೆಗೆ ಬಿಡಲೆಂದು. ಇಕ್ಕೇರಿಗೆ ಎರಡನೇ ಗೇರಿನಲ್ಲೇ ಏರಿದೆವು.

ಮರುವರ್ಷವೂ ಅಮ್ಮ ಮಾಲೆಯನ್ನು ಬಾನೆಟ್ಟಿನೊಳಗೇ ಕಟ್ಟಿದರು. ಪೂಜೆಯ ಮಾರನೇ ಬೆಳಿಗ್ಗೆ ಕತ್ತರಿ ಹಿಡಿದು ಕಾರಿನ ಹತ್ತಿರ ಬಂದರು, ನನ್ನಿಂದ ಬಾನೆಟ್ ಎತ್ತಿಸಿದರು, ಕಣ್ಣಿಗೊತ್ತಿಕೊಂಡು ಮಾಲೆಯನ್ನು ತಾವೇ ಕತ್ತರಿಸಿ ತೆಗೆದರು.