ಬ್ಯಾಟರಿಗೊಂದು ಜೇಬು

ನಮ್ಮ ಮಾವ ನಲವತ್ತೆರಡು ವರ್ಷ ದರ್ಜಿಯಾಗಿದ್ದವರು. ಅಂಗಡಿ ಮುಚ್ಚಿ ಎರಡು ವರ್ಷವಾದರೂ ಅಳತೆಪಟ್ಟಿ ಕೊರಳಿನಿಂದ ಇಳಿದಿಲ್ಲ. ಯಾರೇ ಬರಲಿ, ಮುಖಕ್ಕಿಂತ ಮೊದಲು ಭುಜ ನೋಡುತ್ತಾರೆ. ನನ್ನನ್ನು ಮೊದಲ ಸಲ ಕಂಡಾಗಲೂ, ಹುಡುಗಿ ಒಳ್ಳೆಯವಳು, ಎಡಭುಜ ಮಾತ್ರ ಒಂದು ಎಳೆ ಇಳಿಜಾರು ಎಂದಿದ್ದರಂತೆ.

ಕೆಲಸವಿಲ್ಲದ ಆ ಕೈಗಳು ಮನೆಯನ್ನೇ ಕತ್ತರಿಸತೊಡಗಿದ್ದವು. ಪರದೆಗಳೆಲ್ಲ ಮೊಣಕಾಲಿಗೆ ಬಂದವು. ನೋಡಲಾರದೆ ನನ್ನ ಗಂಡ, ಅಂಗಳದ ಬೇಲಿಗಿಡ ಸವರಲೆಂದು ಬ್ಯಾಟರಿ ಟ್ರಿಮ್ಮರ್ ತಂದುಕೊಟ್ಟರು. ಉದ್ದನೆಯ ಬಾಯಿ, ಎರಡೂ ಕಡೆ ಹಲ್ಲು. ವೈರ್ ಇಲ್ಲ, ಎಲ್ಲಿಗೆ ಬೇಕಾದರೂ ಒಯ್ಯಬಹುದು ಎಂದು ಗಂಡ ಹಿಗ್ಗಿದರು. ನನಗೆ ಹೆದರಿಕೆಯಾದದ್ದೂ ಅದಕ್ಕೇ. ಪ್ಲಗ್ ಕಿತ್ತರೆ ತಣ್ಣಗಾಗುವ ಯಂತ್ರವಲ್ಲ. ಜೀವವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿರುವಂಥದು.

ಅದಕ್ಕೆ ಹಿಂದೊಂದು ಮುಂದೊಂದು ಹಿಡಿ. ಎರಡರ ಸ್ವಿಚ್ಚನ್ನೂ ಒತ್ತಿದರೆ ಮಾತ್ರ ಓಡುತ್ತದೆ. ಎರಡು ಕೈಯೂ ಅಲ್ಲೇ ಇದ್ದರೆ ಬ್ಲೇಡಿನ ಬಳಿ ಹೋಗಲು ಮೂರನೆಯದಿರುವುದಿಲ್ಲ ಎಂಬ ಲೆಕ್ಕ. ಆದರೆ ದರ್ಜಿಗೆ ಬಲಗೈ ಕತ್ತರಿಗೆ, ಎಡಗೈ ಬಟ್ಟೆಗೆ. ಎರಡನೇ ದಿನವೇ ನೋಡುತ್ತೇನೆ, ಮುಂದಿನ ಸ್ವಿಚ್ಚನ್ನು ಪೈಜಾಮದ ಎಲಾಸ್ಟಿಕ್‌ನಿಂದ ಬಿಗಿದುಬಿಟ್ಟಿದ್ದಾರೆ. ಎಡಗೈಯಲ್ಲಿ ರೆಂಬೆಗಳನ್ನು ಬಟ್ಟೆಯಂತೆ ನೀವಿ, ಎಳೆದು ಹಿಡಿದು, ಬಲಗೈಯಲ್ಲಿ ಸವರುತ್ತಿದ್ದಾರೆ.

ಆ ಎಡಗೈಯ ತೋರುಬೆರಳು ನನ್ನ ಮಗಳದ್ದು. ಹುಟ್ಟಿದ ವಾರದಿಂದ ಅದನ್ನು ಹಿಡಿದೇ ಮಲಗಿದವಳು. ಈಗ ಎರಡೂವರೆ ವರ್ಷ, ಬೀದಿಯ ತುದಿಯವರೆಗೆ ಅದನ್ನು ಹಿಡಿದೇ ನಡೆಯುತ್ತಾಳೆ.

"ಮಾವ, ಆ ಎಲಾಸ್ಟಿಕ್ ತೆಗೀರಿ," ಎಂದೆ.

"ಹಿಡೀದೆ ಕತ್ತರಿಸಿದ್ರೆ ಅಂಚು ಸೊಟ್ಟ ಆಗತ್ತಮ್ಮ."

"ಆಗ್ಲಿ ಬಿಡಿ, ಬೇಲಿ ಏನು ಗುಂಡಿ ಹಾಕ್ಕೊಂಡು ಮದುವೆಗೆ ಹೋಗಬೇಕಾ?" ಎಂದರು ಅತ್ತೆ, ಕಿಟಕಿಯಿಂದ.

ಹೇಳಿ ಹೇಳಿ ಬಾಯಿ ಒಣಗಿತೇ ಹೊರತು ಎಲಾಸ್ಟಿಕ್ ಸಡಿಲವಾಗಲಿಲ್ಲ. ಕೊನೆಗೆ ಬ್ಯಾಟರಿಯನ್ನೇ ಕಿತ್ತು ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟೆ. ಮಾವ ಇಡೀ ಬೆಳಿಗ್ಗೆ ಮುಖ ಊದಿಸಿಕೊಂಡು ಕೂತರು. ಮಧ್ಯಾಹ್ನ ನಾನು ಬಟ್ಟೆ ಒಣಗಿಸುತ್ತಿದ್ದಾಗ ಅಂಗಳದಲ್ಲಿ ಗರ್ರ್ ಎಂದಿತು. ಮಗಳು ಹಿಟ್ಟು ಮೆತ್ತಿದ ಕೈ ಹೊತ್ತು ಬಾಗಿಲಲ್ಲಿ ನಿಂತಿದ್ದಳು. "ತಾತಂಗೆ ಕೊಟ್ಟೆ," ಎಂದಳು. "ಮನೆಯೊಳಗೇ ಗೂಢಚಾರಿಣಿ!" ಎಂದೆ.

ಅವಳನ್ನು ಒಳಗೆ ಬಿಟ್ಟು ಬಾಗಿಲು ಹಾಕಿ ತಿರುಗುವಷ್ಟರಲ್ಲಿ ಹಲ್ಲುಗಳ ನಡುವೆ ರೆಂಬೆಯೊಂದು ಸಿಕ್ಕಿ ಯಂತ್ರ ನಿಂತಿತ್ತು. ಮಾವ ಎಡಗೈಯಿಂದ ಅದನ್ನು ಎಳೆದರು. ಬಲಗೈ ಬೆರಳು ಸ್ವಿಚ್ಚಿನ ಮೇಲೇ ಇತ್ತು. ರೆಂಬೆ ಬಿಟ್ಟಿತು, ಬ್ಲೇಡು ಓಡಿತು, ತೋಳನ್ನು ಕಚ್ಚಿತು.

ನಾನು ಓಡಿಹೋಗಿ ಕೈ ಹಿಡಿದು ಬೆರಳು ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು, ಐದು. ಮತ್ತೊಮ್ಮೆ ಎಣಿಸಿದೆ. ಗೀರೂ ಇಲ್ಲ. ಹರಿದದ್ದು ಅವರೇ ಹೊಲಿದುಕೊಂಡಿದ್ದ ಅಂಗಿಯ ಸಡಿಲ ತೋಳು ಮಾತ್ರ. ಮಾವ ಆ ಚಿಂದಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದೇನು ಕತ್ತರಿಸೋದಾ? ಮೇಕೆ ಮೇಯ್ದ ಹಾಗಿದೆ," ಎಂದರು. ಆಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತರು. ಅತ್ತೆ ನೀರು ತಂದುಕೊಟ್ಟರು.

ಸಂಜೆ ಎಲಾಸ್ಟಿಕ್ ತಾವೇ ಬಿಚ್ಚಿ ಪೈಜಾಮಕ್ಕೆ ಮರಳಿಸಿದರು. ತೋಳನ್ನು ಮಣಿಕಟ್ಟಿಗೆ ಬಿಗಿಯಾಗುವಂತೆ ಹೊಲಿದುಕೊಂಡರು. ನಂತರ ಬ್ಯಾಟರಿಗೆ ಅಳತೆ ತೆಗೆದರು: ಉದ್ದ, ಅಗಲ, ಸುತ್ತಳತೆ. ನನ್ನ ಅಡುಗೆಮನೆಯ ಏಪ್ರನ್ನಿಗೆ ಬಲಗಡೆ ಒಂದು ಜೇಬು ಬಂತು, ಮೂರು ಬಿಗಿ ಗುಂಡಿಗಳ ಸಮೇತ.

"ಗೂಢಚಾರಿಣಿಗೆ ಬಿಚ್ಚೋಕಾಗಲ್ಲ," ಎಂದರು.

ಈಗ ಬೂಟು, ಕನ್ನಡಕ ಹಾಕಿಕೊಂಡು ಬಂದು ನನ್ನಿಂದ ಬ್ಯಾಟರಿ ಪಡೆಯುತ್ತಾರೆ. ರೆಂಬೆ ಸಿಕ್ಕಿಕೊಂಡರೆ ಅಲ್ಲೇ ಬ್ಯಾಟರಿ ಕಿತ್ತು ಒಳಗೆ ಬಂದು, ನನ್ನ ಜೇಬಿಗಿಳಿಸಿ, ಗುಂಡಿ ಹಾಕಿ, ಆಮೇಲೆ ಹೋಗಿ ಬ್ಲೇಡು ಮುಟ್ಟುತ್ತಾರೆ. ಇವತ್ತು ಏಳು ಸಲ ಬಂದರು. ಸಾರು ಎರಡು ಸಲ ಉಕ್ಕಿತು. ಬೇಲಿ ಸೊಟ್ಟಗಿದೆ.

ಸಾಯಂಕಾಲ ಮಗಳಿಗೆ ಬೆರಳು ಕೊಟ್ಟು ಹೊರಟವರು ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬ್ಯಾಟರಿ ಭಾರಕ್ಕೆ ಬಲಭುಜನೂ ಇಳಿದಿದೆ ನೋಡಮ್ಮ," ಎಂದರು. "ಎರಡೂ ಸಮ ಆಯ್ತು."