ಮೊರದ ತುಂಬ ಬೆಳ್ಳುಳ್ಳಿ

ನಮ್ಮ ಕಡೆ ಮದುವೆ, ತಿಥಿ, ಬೀಗರ ಊಟ ಏನೇ ಇರಲಿ, ಅಡುಗೆಯವರು ಒಲೆ ಹೊತ್ತಿಸುವ ಮೊದಲೇ ನೆಂಟರ ಹೆಂಗಸರು ತಂತಮ್ಮ ಈಳಿಗೆಮಣೆ ಹಿಡಿದುಕೊಂಡು ಬಂದು ಅಂಗಳದಲ್ಲಿ ಸಾಲಾಗಿ ಕೂರುತ್ತಾರೆ. ಒಬ್ಬರು ಈರುಳ್ಳಿ ಕೊಯ್ದರೆ ಇನ್ನೊಬ್ಬರು ಕಾಯಿ ತುರಿಯುತ್ತಾರೆ. ನನಗೆ ಮಾತ್ರ ಬೆಳ್ಳುಳ್ಳಿ. ಮೈಸೂರಿನ ಆಸ್ಪತ್ರೆಯಿಂದ ವಾಪಸು ಬಂದ ಮೇಲೆ, ನಾನು ಯಾರ ಮನೆಗೆ ಹೋದರೂ ಮೊರದ ತುಂಬ ಬೆಳ್ಳುಳ್ಳಿ ತಂದು ಮುಂದಿಡುತ್ತಾರೆ. ಅದನ್ನು ಉಗುರಿನಲ್ಲೇ ಸುಲಿಯಬಹುದಲ್ಲ, ಅದಕ್ಕೆ. ನನ್ನನ್ನು ಅಲಗಿನ ಹತ್ತಿರ ಬಿಡಬಾರದು ಅನ್ನುವುದು ಯಾರೂ ಬಾಯಿಬಿಟ್ಟು ಹೇಳದ ಕಟ್ಟಳೆ.

ನನಗೆ ಮನಸ್ಸಿನ ಕಾಯಿಲೆ ಬಂದಿದ್ದು ನಿಜ. ಯಾರೂ ಇಲ್ಲದ ಕಡೆ ಮಾತು ಕೇಳಿಸುತ್ತಿತ್ತು, ನಿದ್ದೆ ಬಿಟ್ಟುಹೋಗಿತ್ತು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಹಿಂದೆ ಕೂತು ಅಳುತ್ತಿದ್ದೆ. ಆಗಲೂ ಒಬ್ಬರ ಮೇಲೂ ಕೈ ಎತ್ತಿದವಳಲ್ಲ. ಈಗ ದಿನಾ ಮಾತ್ರೆ ನುಂಗುತ್ತೇನೆ, ಎದುರುಮನೆಯವರು ಶುಗರ್ ಮಾತ್ರೆ ನುಂಗುವ ಹಾಗೆ. ಹಸು ಕರೆಯುತ್ತೇನೆ, ಗದ್ದೆ ಹೊಲ ನೋಡುತ್ತೇನೆ, ಮನೆಯಲ್ಲಿ ತರಕಾರಿ ಕೊಯ್ಯುವವಳೂ ನಾನೇ. ನನ್ನ ಗಂಡ ಇನ್ನೂ ಇಡಿಯಾಗಿಯೇ ಇದ್ದಾನೆ, ಬೇಕಾದವರು ಬಂದು ನೋಡಿಕೊಂಡು ಹೋಗಬಹುದು.

ಈ ಬೆಳ್ಳುಳ್ಳಿ ಪದ್ಧತಿ ಶುರುಮಾಡಿದವಳು ನನ್ನ ವಾರಗಿತ್ತಿ, ಗಂಡನ ತಮ್ಮನ ಹೆಂಡತಿ. “ನಿಮ್ಗ್ಯಾಕಕ್ಕ ಕಷ್ಟ, ಪಾಪ, ಬೆಳ್ಳುಳ್ಳಿ ಸುಲೀರಿ ಸಾಕು” ಅನ್ನುತ್ತಾಳೆ. ಅವಳ ಬಾಯಲ್ಲಿ ಆ ‘ಪಾಪ’ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕಿಂತ ಬೈದರೇ ವಾಸಿ, ತಿರುಗಿ ಬೈಯಬಹುದು.

ಹೋದ ವರ್ಷ ಗಾವಡಗೆರೆಯಲ್ಲಿ ಮಾನಸಿಕ ಆರೋಗ್ಯದ ಅರಿವು ಕಾರ್ಯಕ್ರಮ ಅಂತ ಒಂದು ಮಾಡಿದರು. ನಮ್ಮೂರ ಮಹಿಳಾ ಸಂಘದ ಹೆಂಗಸರೆಲ್ಲ ಹೋದೆವು. ಬಂದಿದ್ದ ಮೇಡಂ ಚೆನ್ನಾಗಿಯೇ ಮಾತಾಡಿದರು. ಇದೂ ಮಿಕ್ಕ ಕಾಯಿಲೆಗಳ ಹಾಗೇ, ಔಷಧಿ ಇದೆ, ಇಂಥವರನ್ನು ದೂರ ಇಡಬೇಡಿ ಅಂದರು. ಕೊನೆಗೆ ಎಲ್ಲರೂ ಎದ್ದು ನಿಂತು ಕೈ ಚಾಚಿ, ಯಾರನ್ನೂ ಬೇರೆಯಾಗಿ ಕಾಣುವುದಿಲ್ಲ ಅಂತ ಪ್ರತಿಜ್ಞೆ ಮಾಡಿದರು. ವಾರಗಿತ್ತಿಯ ದನಿ ಎಲ್ಲರಿಗಿಂತ ಜೋರು. ಆಮೇಲೆ ಪಲಾವ್ ತಿಂದು ಬಸ್ಸು ಹತ್ತಿದೆವು. ಜಾಗ ಸಾಲದೆ ಅರ್ಧ ಜನ ನಿಂತೇ ಬಂದರು. ನನ್ನ ಪಕ್ಕದ ಸೀಟು ಊರು ಬರುವ ತನಕ ಖಾಲಿಯೇ ಇತ್ತು.

ಅದರ ಹಿಂದೆಯೇ ನನ್ನ ಒಬ್ಬಳೇ ಮಗಳ ಮದುವೆ ಆಯಿತು. ಪಿರಿಯಾಪಟ್ಟಣದ ಕಡೆಗೆ ಕೊಟ್ಟೆವು. ಬೀಗರ ಊಟ ನಮ್ಮ ಮನೆಯಲ್ಲಿ. ಊರವರ ಮನೆಯಲ್ಲಾದರೆ ಬೆಳ್ಳುಳ್ಳಿ ಸುಲಿದು ಬಂದೇನು. ನನ್ನ ಮಗಳ ಬೀಗರ ಊಟಕ್ಕೆ, ನನ್ನ ಅಂಗಳದಲ್ಲಿ, ನನ್ನ ಈಳಿಗೆಮಣೆಯಲ್ಲಿ ನಾನೇ ಈರುಳ್ಳಿ ಕೊಯ್ಯಬೇಕು ಅಂತ ಹಟ ಹಿಡಿದಿದ್ದೆ. ಚಿನ್ನ ಕೇಳಿದೆನೇ, ಸೀರೆ ಕೇಳಿದೆನೇ? ಇದ್ದ ಆಸೆ ಅದೊಂದೇ.

ಅವತ್ತು ಬೆಳಿಗ್ಗೆ ಹೆಂಗಸರು ಬಂದು ಕೂತರು. ವಾರಗಿತ್ತಿ ಎಂದಿನಂತೆ ಮೊರ ತಂದು ನನ್ನ ಮುಂದೆ ಇಟ್ಟಳು.

“ನೀನೇ ಸುಲಿಯವ್ವ, ನಿನ್ನ ಉಗುರೂ ಗಟ್ಟಿಯಾಗವೆ” ಅಂದು ಮೊರವನ್ನು ಅವಳ ಕಡೆಗೇ ತಳ್ಳಿದೆ. ಮಣೆ ತಂದು ಹಾಕಿಕೊಂಡು ಕೂತೆ.

“ಬ್ಯಾಡ ಬುಡಕ್ಕ, ಬೀಗ್ರು ಬರೋ ಹೊತ್ತು. ಏನಾರ ಆದ್ರೆ?”

“ಏನಾಯ್ತದೆ? ಈರುಳ್ಳಿ ತುಂಡಾಯ್ತದೆ.”

ಯಾರೂ ನಗಲಿಲ್ಲ. ಪಕ್ಕದಲ್ಲಿದ್ದವಳು ಮಗುವನ್ನು ಎತ್ತಿ ಮಡಿಲಿಗೆ ಹಾಕಿಕೊಂಡು ಅತ್ತ ಸರಿದಳು. ನಾನು ತಲೆ ಬಗ್ಗಿಸಿ ಕೊಯ್ಯತೊಡಗಿದೆ. ಎದುರು ಸಾಲಿನಲ್ಲಿ ವಾರಗಿತ್ತಿಯೂ ತನ್ನ ಮಣೆ ಹಾಕಿಕೊಂಡು ಕೂತಳು. ಕೈ ಈರುಳ್ಳಿ ಮೇಲೆ, ಕಣ್ಣು ನನ್ನ ಮೇಲೆ. ಹಾಗೆ ನೋಡಿಕೊಂಡು ಕೊಯ್ದರೆ ಬೆರಳು ಉಳಿಯುತ್ತದೆಯೇ? “ಅಯ್ಯೋ!” ಅಂತ ಕಿರುಚಿದಳು. ಅವಳ ಬೆರಳಿನಿಂದ ರಕ್ತ ಸುರಿಯುತ್ತಿತ್ತು.

“ಅವ್ಳ ತಾವ್ಲಿಂದ ಮಣೆ ಕಿತ್ಕಳ್ರೇ!” ಅಂತ ಯಾರೋ ಕೂಗಿದರು. ಅವಳು ಅಂದರೆ ನಾನು. ಬೆರಳು ಕೊಯ್ದುಕೊಂಡವಳು ಅಲ್ಲಿದ್ದರೆ, ಮಾರು ದೂರದಲ್ಲಿ ಕೂತಿದ್ದ ನನ್ನ ರಟ್ಟೆಯನ್ನು ಇಬ್ಬರು ಬಂದು ಹಿಡಿದುಕೊಂಡರು. ನಾನು ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದು, “ಕೈ ತಗೀರಿ!” ಅಂತ ಗದರಿದೆ.

“ನೋಡುದ್ರಾ, ಶುರುವಾಯ್ತು” ಅಂದಿತು ಹಿಂದಿನಿಂದ ಒಂದು ದನಿ.

ಮಿಕ್ಕವರಿಗೆ ಬಂದರೆ ಅದು ಸಿಟ್ಟು, ನನಗೆ ಬಂದರೆ ಕಾಯಿಲೆ.

ಗಲಾಟೆ ಕೇಳಿ ಮಗಳು ಹೊರಗೆ ಬಂದಳು. ತಲೆ ತುಂಬ ಹೂವು ಮುಡಿದಿದ್ದಳು. ನಡೆದದ್ದನ್ನೆಲ್ಲ ಒಂದೇ ನೋಟದಲ್ಲಿ ಕಂಡಳು, ಯಾರ ಬೆರಳು, ಯಾರ ಮಣೆ ಎಲ್ಲವನ್ನೂ. ಇವಳೊಬ್ಬಳಾದರೂ ನನ್ನ ಪರವಾಗಿ ಬಾಯಿ ಬಿಡುತ್ತಾಳೆ ಅಂದುಕೊಂಡೆ. ಅವಳು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಹೇಳಿದಳು: “ಕೊಡವ್ವ. ಬೀಗ್ರ ಕಾರು ಬಂತು ಕಣವ್ವ. ಇವತ್ತೊಂದಿನ.”

ಬೇರೆ ಯಾರು ಕೇಳಿದ್ದರೂ ಕೊಡುತ್ತಿರಲಿಲ್ಲ. ಕಾಲು ತೆಗೆದೆ. ಅವಳು ಮಣೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದಳು. ಬೀರುವಿನ ಬಾಗಿಲು ಹಾಕಿದ ಸದ್ದು ಕೇಳಿಸಿತು.

ಅಷ್ಟರಲ್ಲಿ ವಾರಗಿತ್ತಿ ಬೆರಳಿಗೆ ಅರಿಶಿನ ಮೆತ್ತಿ ಬಟ್ಟೆ ಸುತ್ತಿಕೊಂಡು ಬಂದಳು. ತನ್ನ ಮಣೆಯ ಅಲಗನ್ನು ಒರೆಸಿ, ಮತ್ತೆ ಕೂತು, ಮಿಕ್ಕ ಈರುಳ್ಳಿಯನ್ನೆಲ್ಲ ಕೊಯ್ದು ಮುಗಿಸಿದಳು. ಅವಳ ಮಣೆಯನ್ನು ಕಿತ್ತುಕೊಳ್ಳಬೇಕು ಅಂತ ಅಲ್ಲಿದ್ದ ಒಬ್ಬರಿಗೂ ಅನ್ನಿಸಲಿಲ್ಲ.